ಭಾನುವಾರದ ಪ್ರಶ್ನೋತ್ತರ: ಕುದುರೆಯ ತೊಡೆ ಹಿಡ್ಕೊಂಡ್ರೆ

ಅಡ್ಮಿನ್: ಡಾಕ್ಟರ್ ಸಂಜೆ 6ರಿಂದ ಗುಂಪಿನಲ್ಲಿರುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕುದುರೆ ಸಾಕಿದವರು ಕೇಳಿ. ಇವತ್ತು ಮಾಂಸಖಂಡದ ಪೆಟ್ಟು ಮಾತ್ರ. ಫಾರ್ವರ್ಡ್ ಬೇಡ.

ಸಿರುಗುಪ್ಪ: ಸಾರ್, ಗಾಡಿ ಕುದುರೆ ಗದ್ದೆ ಕೆಸರಲ್ಲಿ ಜಾರಿ ಹಿಂಗಾಲು ಎಳೆಯುತ್ತಿದೆ. ನಿನ್ನೆಯಿಂದ ತೊಡೆ ಹಿಂದೆ ಊದಿದೆ. ನರ ಎಳೆದಿದೆ ಅಂತಾರೆ.

ಡಾಕ್ಟರ್: ನರ ಅಲ್ಲ, ಮಾಂಸಖಂಡ ಇರಬೇಕು. ಮೊದಲ ಎರಡು ದಿನ ಪೈಪಿನ ತಣ್ಣೀರು ಬಿಡಿ, ಒಂದು ಸಲಕ್ಕೆ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ತಿಕ್ಕಬೇಡಿ. ಊತ ಇಳಿದ ಮೇಲೆ ಬಿಸಿ ಬಟ್ಟೆ. ಕಾಲು ಊರುವುದಕ್ಕೇ ಆಗದಿದ್ದರೆ ಇವತ್ತೇ ತೋರಿಸಿ, ಮೂಳೆಗೂ ಪೆಟ್ಟಾಗಿರಬಹುದು. ನಡೆಸುವುದು ಡಾಕ್ಟರ್ ನೋಡಿ ಹೇಳಿದ ಮೇಲೆ, ಸಮ ನೆಲದಲ್ಲಿ, 5 ನಿಮಿಷದಿಂದ ಶುರು. ಗಾಡಿಗೆ ಕೆಲವು ವಾರ ಕಟ್ಟಲೇಬೇಡಿ.

ಮಾನ್ವಿ: ಎಷ್ಟು ದಿನ ರೆಸ್ಟ್ ಸಾರ್?

ಡಾಕ್ಟರ್: ಮೇಲೆ ಇದೆ.

ಕೊಪ್ಪಳ: ಕೊಪ್ಪಳದಲ್ಲಿ ಲಾಳ ಹೊಡೆಯುವವರು ಯಾರಾದರೂ ಇದ್ದಾರಾ?

ಗಂಗಾವತಿ: ಸಾರ್, ಅರ್ಜೆಂಟ್. ಮೆರವಣಿಗೆ ಕುದುರೆ. ಮೂರು ದಿನ ಮದುವೆ ಇರಲಿಲ್ಲ, ಕಟ್ಟಿಹಾಕಿ ಹುರುಳಿ, ಕಡಲೆ ಚೆನ್ನಾಗಿ ಹಾಕಿದ್ದೆ. ನಿನ್ನೆ ರಾತ್ರಿ ಡಿಜೆ ಮುಂದೆ ಎರಡು ತಾಸು ಕುಣಿಯಿತು. ವಾಪಸ್ ಬರುವಾಗ ಮೈಯೆಲ್ಲ ಬೆವರು, ಸೊಂಟ ಸೆಟೆದು ನಿಂತುಬಿಟ್ಟಿತು. ತೊಡೆ ಮುಟ್ಟಿದರೆ ಒನಕೆ ಮುಟ್ಟಿದ ಹಾಗಿದೆ. ಸಡಿಲ ಆಗಲಿ ಅಂತ ಬೆಳಿಗ್ಗೆಯಿಂದ ನಡೆಸುತ್ತಿದ್ದೇವೆ. ಉಚ್ಚೆ ಬಾಟಲಿಯಲ್ಲಿ ಹಿಡಿದೆ, ಕಾಫಿ ಡಿಕಾಕ್ಷನ್ ಬಣ್ಣ.

ಡಾಕ್ಟರ್: ನಡೆಸುವುದು ನಿಲ್ಲಿಸಿ. ಈಗಲೇ. ಕೊಟ್ಟಿಗೆ ದೂರ ಇದ್ದರೆ ನಿಂತಲ್ಲೇ ನೆರಳು ಮಾಡಿ. ಇದು ಉಳುಕಲ್ಲ. ಸುಮ್ನೆ ನಿಂತು ಕಾಳು ತಿಂದ ಕುದುರೆ ದಿಢೀರ್ ದುಡಿದರೆ ಮಾಂಸಖಂಡ ಒಳಗೇ ಒಡೆಯುತ್ತೆ. ಭಾನುವಾರ ರಜೆ ಮುಗಿಸಿ ಮರುದಿನ ಗಾಡಿಗೆ ಕಟ್ಟಿದ ಕುದುರೆಗಳಿಗೆ ಬರುತ್ತಿತ್ತು, ಅದಕ್ಕೇ ಹಿಂದೆ ಸೋಮವಾರದ ರೋಗ ಅಂತಿದ್ದರು. ಒಡೆದ ಮಾಂಸಖಂಡದ ಬಣ್ಣ ರಕ್ತಕ್ಕಿಳಿದು ಕಿಡ್ನಿಗೆ ಹೋಗುತ್ತೆ. ನೀವು ಬಾಟಲಿಯಲ್ಲಿ ಹಿಡಿದದ್ದು ಅದನ್ನೇ. ನಡೆಸಿದಷ್ಟೂ ಜಾಸ್ತಿ ಒಡೆಯುತ್ತೆ.

ನೀರು ಮುಂದಿಡಿ. ಕಾಳು ಬಂದ್, ಒಣ ಹುಲ್ಲು ಮಾತ್ರ. ನೋವಿನ ಮಾತ್ರೆ ನೀವೇ ಕೊಡಬೇಡಿ, ಮೈಯಲ್ಲಿ ನೀರು ಬತ್ತಿದಾಗ ಅದೂ ಕಿಡ್ನಿಗೇ ಪೆಟ್ಟು. ಪಶು ಆಂಬುಲೆನ್ಸ್ ನಂಬರ್ 1962ಕ್ಕೆ ಫೋನ್ ಮಾಡಿ ಡ್ರಿಪ್ ಬೇಕು ಅನ್ನಿ. ಒಂದೆರಡು ಬಾಟಲಿ ಸಾಲಲ್ಲ, ಲೀಟರ್‌ಗಟ್ಟಲೆ ಹೋಗಬೇಕು. ಮಾಂಸಖಂಡ ಎಷ್ಟು ಒಡೆದಿದೆ ಅಂತ ತಿಳಿಯಲು ರಕ್ತದಲ್ಲಿ ಸಿಕೆ, ಎಎಸ್‌ಟಿ ನೋಡಿಸಿ. ಇನ್ನೊಂದು, ಕಣ್ಣಿನ ಒಳಮೂಲೆಯಿಂದ ಪೊರೆ ಅಡ್ಡ ಬರುತ್ತಿದೆಯಾ? ಬಾಯಿ ತೆರೆಯುತ್ತಾ? ಇತ್ತೀಚೆಗೆ ಮೊಳೆ ಗಿಳೆ ಚುಚ್ಚಿತ್ತಾ? ಧನುರ್ವಾಯುವಿನಲ್ಲೂ ಹೀಗೇ ಸೆಟೆಯುತ್ತೆ.

ಗಂಗಾವತಿ: ಪೊರೆ ಇಲ್ಲ ಸಾರ್, ಗಾಯನೂ ಇಲ್ಲ. ಹುಲ್ಲು ಕಡಿಯುತ್ತಿದೆ. ಫೋನ್ ಮಾಡಿದೆ, ಬರ್ತಿದ್ದಾರೆ.

ಕುಷ್ಟಗಿ: ಫಾರ್ವರ್ಡ್: ಬೇವಿನೆಣ್ಣೆಗೆ ಸೀಮೆಎಣ್ಣೆ, ಖಾರದಪುಡಿ ಬೆರೆಸಿ ತೊಡೆಗೆ ತಿಕ್ಕಿ, ಮೂರೇ ದಿನಕ್ಕೆ ಕುದುರೆ ಓಡುತ್ತೆ.

ಡಾಕ್ಟರ್: ಓಡುತ್ತೆ, ಉರಿ ತಾಳಲಾರದೆ. ಚರ್ಮ ಸುಡುತ್ತೆ. ಅಳಿಸಿ.

ಕುಷ್ಟಗಿ: ನಮ್ಮಜ್ಜ ಬರೆ ಎಳೆದು ಎಷ್ಟೋ ಕುದುರೆ ಎಬ್ಬಿಸಿದ್ದಾರೆ.

ಬಳ್ಳಾರಿ: ಎದ್ದವನ್ನ ಎಣಿಸಿದ್ದೀರಿ. ಏಳದವನ್ನ ಯಾರು ಎಣಿಸಿದ್ರು ಅಣ್ಣಾ?

ಕುಷ್ಟಗಿ: ತಮ್ಮಾ, ನೀನು ಕುದುರೆ ಮುಟ್ಟಿದ್ದೀಯಾ?

ಬಳ್ಳಾರಿ: ಮುಟ್ಟಿದ್ದಕ್ಕೇ ಹೇಳ್ತಿರೋದು. ನಿಮ್ಮಜ್ಜನ ಕುದುರೆ ಡಿಜೆ ಮುಂದೆ ಕುಣಿದಿತ್ತಾ?

ಗಂಗಾವತಿ: ಡಿಜೆ ನಾನು ತಂದಿದ್ದಲ್ಲ ರೀ, ಗಂಡಿನ ಕಡೆಯವರದು. ಬೇಡ ಅಂದ್ರೆ ಬಾಡಿಗೆ ಯಾರು ಕೊಡ್ತಾರೆ? ನೀವು ಕೊಡ್ತೀರಾ?

ಅಡ್ಮಿನ್: ವಿಷಯಕ್ಕೆ ಬನ್ನಿ.

ಮಾನ್ವಿ: ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ನಾವೇ ಚುಚ್ಚಬಹುದಾ?

ಡಾಕ್ಟರ್: ಪ್ರಾಣಿಗಳಿಗೆ ಅದು 2006ರಲ್ಲೇ ನಿಷೇಧ ಆಗಿದೆ. ಅದನ್ನು ಹಾಕಿಸಿಕೊಂಡು ಸತ್ತ ದನ ತಿಂದು ರಣಹದ್ದುಗಳ ಕಿಡ್ನಿ ಕೆಟ್ಟು ಅವೂ ಸತ್ತವು. ನೋವಿನ ಔಷಧಿ ಬಗ್ಗೆ ಈಗಷ್ಟೇ ಬರೆದೆನಲ್ಲ, ಓದಿದ್ರಾ?

ರಾಯಚೂರು: ಕಾಳು ನಿಲ್ಲಿಸಿದರೆ ಶಕ್ತಿಗೆ ಕೋಳಿ ಫೀಡ್ ಹಾಕಬಹುದಾ?

ಡಾಕ್ಟರ್: ಬೇಡವೇ ಬೇಡ. ಅದರಲ್ಲಿ ಮೊನೆನ್ಸಿನ್ ಇರಬಹುದು. ಕೋಳಿಗೆ ಅದು ಔಷಧಿ. ಕುದುರೆಗೆ ಸ್ವಲ್ಪ ಹೋದರೂ ಹೃದಯದ ಮಾಂಸಖಂಡ ಸಾಯುತ್ತೆ.

ಸಿಂಧನೂರು: ಒಟ್ಟು ಎಷ್ಟು ದಿನ ರೆಸ್ಟ್ ಕೊಡಬೇಕು ಸಾರ್?

ಡಾಕ್ಟರ್: ಮೇಲೆ ಓದಿ ರೀ.

ಗಂಗಾವತಿ: ಡಾಕ್ಟರ್ ಬಂದರು. ಹತ್ತು ಲೀಟರ್ ಡ್ರಿಪ್ ಹೋಗಿದೆ, ಇನ್ನೂ ಹಾಕ್ತಿದ್ದಾರೆ. ಉಚ್ಚೆ ಸ್ವಲ್ಪ ತಿಳಿಯಾಗಿದೆ. ಸಾರ್, ಶುಕ್ರವಾರ ಒಂದು ಮದುವೆಗೆ ಅಡ್ವಾನ್ಸ್ ತಗೊಂಡಿದ್ದೆ...

ಡಾಕ್ಟರ್: ವಾಪಸ್ ಕೊಡಿ. ರಕ್ತ ಮತ್ತೆ ಪರೀಕ್ಷೆ ಮಾಡಿಸಿ, ಸಿಕೆ ಇಳಿದ ಮೇಲೆ ನಡಿಗೆ ಶುರು. ಮುಂದೆ ಮದುವೆ ಇಲ್ಲದ ದಿನ ಕಾಳು ಕಡಿಮೆ ಹಾಕಿ, ಕಟ್ಟಿಹಾಕದೆ ಅಡ್ಡಾಡಲು ಬಿಡಿ.

ಕೊಪ್ಪಳ: ಸಾರ್, ಆ ಲಾಳ ಹೊಡೆಯುವವರು...