ಓದುತ್ತಾರೆ, ಆದರೆ ಯಾರೂ ಏನೂ ಕೇಳುವುದಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಏನು ಮಾಡುತ್ತೀರಿ?

ಬದಿಯಡ್ಕ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಾರಕ್ಕೊಂದು ಚಿಕ್ಕ ವಿಜ್ಞಾನ ಬರಹ ಬರೆದು ಹಂಚುತ್ತೇನೆ. ಹಳೆ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಕೃಷಿಕರು, ಗಲ್ಫಿಗೆ ಹೋದವರು, ಹೀಗೆ ಓದುವವರೇನೋ ಇದ್ದಾರೆ. ಕಪ್ಪು ಕುಳಿ, ಡಿಎನ್‌ಎ, ಚಂದ್ರಯಾನ, ಲಸಿಕೆ ಎಲ್ಲ ಬರೆದಾಯಿತು. ಬರುವ ಉತ್ತರ ಮಾತ್ರ ಒಂದೇ, ಹೆಬ್ಬೆರಳು. ಜಾಸ್ತಿ ಅಂದರೆ "ಒಳ್ಳೆ ಮಾಹಿತಿ ಟೀಚರ್" ಅಂತ ಒಂದು ಸಾಲು, ಪಕ್ಕದಲ್ಲಿ ಕೈ ಮುಗಿದ ಚಿತ್ರ.

ನನ್ನ ಸ್ನೇಹಿತೆ ಒಬ್ಬಳು ಇದೇ ಜಿಲ್ಲೆಯಲ್ಲಿ ಮಲಯಾಳದಲ್ಲಿ ಬರೆಯುತ್ತಾಳೆ. ಅವಳು ಏನು ಬರೆದರೂ ಕೆಳಗೆ ಪ್ರಶ್ನೆ, ವಾದ, "ಇದು ಹಾಗಲ್ಲ" ಅಂತ ತಿದ್ದುವವರು, ಅವರನ್ನು ತಿದ್ದುವವರು. ನೋಡಿ ಹೊಟ್ಟೆಕಿಚ್ಚಾಗುತ್ತದೆ. ನಮ್ಮವರಿಗೆ ಕುತೂಹಲ ಇಲ್ಲ ಅಂತ ನಾನು ಒಪ್ಪುವುದಿಲ್ಲ. ಕ್ಲಾಸಿನಲ್ಲಿ ಮಕ್ಕಳು ಕೇಳುವುದನ್ನು ದಿನಾ ನೋಡುತ್ತೇನಲ್ಲ. ಹಾಗಾದರೆ ದೊಡ್ಡವರು ಯಾಕೆ ಸುಮ್ಮನಿರುತ್ತಾರೆ? ಮಾತಾಡುವ ಒಂದು ಬಳಗ ಹೇಗೆ ಕಟ್ಟುವುದು? ಬರೆದು ಅನುಭವ ಇರುವವರು ಹೇಳಿ.

ಎಣ್ಮಕಜೆ ತೋಟದವ

ಟೀಚರೇ, ಬೇಜಾರು ಮಾಡಬೇಡಿ, ನೇರ ಹೇಳುತ್ತೇನೆ. ಕಪ್ಪು ಕುಳಿಯ ಬಗ್ಗೆ ನಾನು ಏನು ಕೇಳಲಿ? ಓದಿದೆ, ಖುಷಿಯಾಯಿತು, ಹೆಬ್ಬೆರಳು ಒತ್ತಿದೆ, ತೋಟಕ್ಕೆ ಹೋದೆ. ಅದೇ ನೀವು ಬೋರ್ಡೋ ದ್ರಾವಣದ ಬಗ್ಗೆ ಬರೆಯಿರಿ ನೋಡುವ, ರಾತ್ರಿ ಹನ್ನೊಂದಾದರೂ ನಿಮ್ಮನ್ನು ಮಲಗಲು ಬಿಡುವುದಿಲ್ಲ.

ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವಾಗ ಎಲ್ಲರ ಮನೆಯಲ್ಲೂ ಒಂದೇ ಲೆಕ್ಕ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಆದರೆ ಸುಣ್ಣ ಹಳತಾಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಅದಕ್ಕೆ ಉಜ್ಜಿ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ, ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕುತ್ತೇವೆ. ಅಪ್ಪ ಹೀಗೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ಯಾಕೆ ಕೆಂಪಾಗುತ್ತದೆ ಅಂತ ಹೇಳಿದ್ದು ಮಗಳು. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂರುತ್ತದೆ, ಕತ್ತಿಯ ಕಬ್ಬಿಣ ಸ್ವಲ್ಪ ಕರಗಿ ನೀರಿಗೆ ಹೋಗುತ್ತದೆ. ಇದು ನಿಮ್ಮ ಹೈಸ್ಕೂಲ್ ಪಾಠವೇ ಅಲ್ವಾ? ಪಾಠದಲ್ಲಿ ಮೊಳೆ ಅದ್ದುತ್ತಾರೆ, ನಾವು ಕತ್ತಿ ಅದ್ದುತ್ತೇವೆ, ಅಷ್ಟೇ ವ್ಯತ್ಯಾಸ.

ತುತ್ತಿನ ನೀರನ್ನು ಸುಣ್ಣಕ್ಕೆ ಹೊಯ್ಯಬೇಕೋ ಸುಣ್ಣವನ್ನು ತುತ್ತಿಗೋ ಅನ್ನುವುದಕ್ಕೆ ನಮ್ಮ ಬೈಲಿನಲ್ಲಿ ಮಾತು ಬಿಟ್ಟವರಿದ್ದಾರೆ. ಅದನ್ನು ಬರೆಯಿರಿ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಸಿಕ್ಕಿದ ಮದ್ದು ನಮ್ಮ ಅಡಿಕೆ ಗೊನೆಗೆ ಹೇಗೆ ಬಂತು ಅನ್ನುವುದನ್ನು ಆಮೇಲೆ ಬರೆಯಬಹುದು. ಮೊದಲು ಕತ್ತಿ.

ರೀಲ್ಸ್ ರಾಜ

ಸುಮ್ನೆ ರೀಲ್ಸ್ ಮಾಡಿ ಟೀಚರ್. ಈಗ ಯಾರು ಓದುತ್ತಾರೆ.

ನೀಲೇಶ್ವರದವ

ರೀಲ್ಸ್ ಮಾಡಿದರೂ ಹೆಬ್ಬೆರಳೇ ಬರುವುದು ಮಾರಾಯ.

ಟೀಚರ್, ನಿಮ್ಮ ಸ್ನೇಹಿತೆಯ ಓದುಗರು ನಿನ್ನೆ ಮೊನ್ನೆ ಹುಟ್ಟಿದವರಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1962ರಲ್ಲಿ ಕೋಝಿಕೋಡಿನಲ್ಲಿ ಶುರುವಾದಾಗ ಅದೂ ವಿಜ್ಞಾನ ಬರೆಯುವ ಕೆಲವರ ಕೂಟ ಅಷ್ಟೇ ಆಗಿತ್ತು. ಬರೆದು ಬರೆದು ಸುಮ್ಮನೆ ಕೂತಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವರು ಊರೂರಿಗೆ ಹೋಗಿ ಕ್ಲಾಸ್ ಮಾಡಿದರು, ಕೇರಳದ ಸೈಲೆಂಟ್ ವ್ಯಾಲಿ ಕಾಡಿಗೆ ಅಣೆಕಟ್ಟು ಬೇಕೇ ಅಂತ ಜನರ ಮುಂದೆ ಲೆಕ್ಕ ಇಟ್ಟರು. ಓದುಗನಿಗೆ ಒಂದು ಪಕ್ಷ ಹಿಡಿಯಬೇಕಾದ ಪರಿಸ್ಥಿತಿ ಬಂದಾಗ ಅವನು ತಾನಾಗಿಯೇ ಪ್ರಶ್ನೆ ಕೇಳುತ್ತಾನೆ. ನಮ್ಮ ಕನ್ನಡದವರ ಕಷ್ಟ ಏನೆಂದರೆ ಬೆಂಗಳೂರಿನಿಂದ ಬರುವ ಬರಹದಲ್ಲಿ ನಮ್ಮ ಮುರಕಲ್ಲು, ನೀರಿಗೆ ತೋಡಿದ ನಮ್ಮ ಸುರಂಗ, ನಮ್ಮ ಮಳೆ ಇರುವುದಿಲ್ಲ. ಅದು ನೀವು ಬರೆಯಬೇಕಾದದ್ದು.

2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಚೆರುವತ್ತೂರಿನ ಕಡೆ. ಬೆಳಿಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲು, ಮೂರು ನಿಮಿಷ ಪೂರ್ತಿ ಉಂಗುರ. ನಾನು ಅದಕ್ಕೆ ಮೊದಲು ಗ್ರಹಣ ಯಾಕೆ ಆಗುತ್ತದೆ ಅಂತ ಉದ್ದಕ್ಕೆ ಬರೆದಿದ್ದೆ, ಯಾರೂ ಮಾತಾಡಲಿಲ್ಲ. ಕೊನೆಗೆ "ಆ ಹೊತ್ತಿಗೆ ಮರದ ಕೆಳಗೆ ನೆಲ ನೋಡಿ, ಏನು ಕಾಣುತ್ತದೆ ಹೇಳಿ" ಅಂತ ಒಂದೇ ಸಾಲು ಹಾಕಿದೆ. ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ಸಣ್ಣ ಸಣ್ಣ ಉಂಗುರ! ಅವತ್ತು ಫೋಟೋ ಬಂದದ್ದೇ ಬಂದದ್ದು, ಬಾಗಿಲು ಮುಚ್ಚಿ ಒಳಗೆ ಕೂತಿದ್ದವರ ಮನೆಯ ಮಕ್ಕಳೂ ಅಂಗಳಕ್ಕೆ ಬಂದು ಕಳಿಸಿದ್ದರು.

ಇನ್ನೊಂದು ಮಾತು. ಪ್ರಶ್ನೆ ಹಾಕಿ, ಉತ್ತರವನ್ನೂ ಅಲ್ಲೇ ಬರೆದು ಮುಗಿಸಿದರೆ ಓದುವವನಿಗೆ ಏನು ಕೆಲಸ? ಎರಡು ದಿನ ಕಾಯಿರಿ. ನಮ್ಮಲ್ಲಿ ಟೀಚರ್ ಹೇಳಿದ ಮೇಲೆ ಮುಗಿಯಿತು ಅನ್ನುವ ಅಭ್ಯಾಸ ಬೇರೆ ಇದೆ. ಯಾರಾದರೂ ನಿಮ್ಮನ್ನು ತಿದ್ದಿದರೆ ಬರಹದ ಒಳಗೇ ಅವರ ಹೆಸರು ಹಾಕಿ ಸರಿಪಡಿಸಿ, ಎಲ್ಲರಿಗೂ ಕಾಣಲಿ.

ಪೆರ್ಲದಿಂದ

ಮೇಲಿನವರು ಹೇಳಿದ್ದು ಸರಿ, ಆದರೆ ನಮ್ಮ ಜಿಲ್ಲೆಯಲ್ಲಿ ವಿಜ್ಞಾನ ಬರೆಯುವವರು ಎಂಡೋಸಲ್ಫಾನ್ ಕೀಟನಾಶಕವನ್ನು ಮರೆತು ಬರೆಯಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೂ ವರ್ಷ ವರ್ಷ ಸಿಂಪಡಿಸಿದರು. ಏನೋ ಸರಿ ಇಲ್ಲ ಅಂತ ಮೊದಲು ಗಮನಿಸಿದ್ದು ಹಳ್ಳಿಯ ವೈದ್ಯರು, ಜೇನು ಸತ್ತದ್ದು ನೋಡಿದ ಕೃಷಿಕರು, ಮನೆಯವರು. ಆಮೇಲೆ ಸಮಿತಿಯ ಮೇಲೆ ಸಮಿತಿ ಬಂತು, ಒಂದು ಹೇಳಿದ್ದು ಇನ್ನೊಂದು ಹೇಳಲಿಲ್ಲ. ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ.

ಹಾಗಾಗಿ ಇಲ್ಲಿ "ವಿಜ್ಞಾನಿಗಳು ಹೇಳಿದ್ದಾರೆ" ಅಂದರೆ ಜನ ಸುಮ್ಮನಾಗುತ್ತಾರೆ, ಆದರೆ ನಂಬಿ ಸುಮ್ಮನಾಗುವುದಲ್ಲ. ಯಾರು ಅಳೆದರು, ಎಲ್ಲಿ ಅಳೆದರು, ಯಾವುದಕ್ಕೆ ಹೋಲಿಸಿದರು ಅಂತ ಪ್ರತಿ ಬರಹದಲ್ಲೂ ಬರೆಯಿರಿ. ಜೊತೆಗೆ ಇದನ್ನೂ ಹೇಳಬೇಕು. ಕಂಡದ್ದೆಲ್ಲ ಸಾಬೀತಾದ ಹಾಗಲ್ಲ. ನಮ್ಮ ಕಡೆ ದಿನಾ ಮಳೆ ಅಳೆದು ಡೈರಿಯಲ್ಲಿ ಬರೆಯುವ ಅಡಿಕೆಯವರು ಇದ್ದಾರೆ, ಅವರ ಹತ್ತಿರ ಕೂತರೆ "ಈ ವರ್ಷ ಮಳೆಯೇ ಇಲ್ಲ" ಅನ್ನುವ ಮಾತಿಗೂ ಡೈರಿಗೂ ಎಷ್ಟು ದೂರ ಅಂತ ಗೊತ್ತಾಗುತ್ತದೆ. ಅಂಥವರನ್ನು ಬಳಗಕ್ಕೆ ಎಳೆಯಿರಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ಅಂತ ಗೊತ್ತಾದರೆ ಮಕ್ಕಳು ತಮ್ಮ ಮನೆಯ ಮಾಡಿಗೆ ಬೀಳುವ ನೀರಿನ ಲೆಕ್ಕ ತಾವೇ ಹಾಕುತ್ತಾರೆ.

ಬದಿಯಡ್ಕ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ತೋಟದ ಅಣ್ಣ, ಕತ್ತಿ ಖಂಡಿತ ಬರೆಯುತ್ತೇನೆ, ಜಗಳಕ್ಕೆ ನೀವೇ ಮೊದಲು ಬರಬೇಕು.

ಗ್ರಹಣದ ಉಂಗುರವನ್ನು ಮಕ್ಕಳು ಅಂಗಳದಲ್ಲೇ ನೋಡಿದ್ದು ಓದಿದಾಗ ಒಂದು ಯೋಚನೆ ಬಂತು. ಏಪ್ರಿಲ್ 23, 24ರ ಆಸುಪಾಸು ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೂ ಹನ್ನೆರಡು ಗಂಟೆಗಲ್ಲ, 12 ಗಂಟೆ 28 ನಿಮಿಷದ ಹೊತ್ತಿಗೆ. ನಮ್ಮ ಗಡಿಯಾರ ಓಡುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 75ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಅರ್ಧ ಗಂಟೆ ತಡ. ಏಪ್ರಿಲ್ ಕೊನೆಗೆ ಸೂರ್ಯ ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುತ್ತಾನೆ, ಅದನ್ನು ಕಳೆಯಬೇಕು. ತೃಕ್ಕರಿಪುರದವರಿಗೆ ಒಂದೆರಡು ದಿನ ಮೊದಲು, ಮಂಜೇಶ್ವರದವರಿಗೆ ಆಮೇಲೆ. ಆಗಸ್ಟಿನಲ್ಲೂ ಒಮ್ಮೆ ಬರುತ್ತದೆ, ಆದರೆ ನಮ್ಮ ಆಗಸ್ಟ್ ನಿಮಗೆ ಗೊತ್ತಲ್ಲ, ಸೂರ್ಯನೇ ಇರುವುದಿಲ್ಲ. ಇದನ್ನು ಮುಂದಿಟ್ಟರೆ ಜನ ಸೇರಬಹುದಾ?

ಅಕ್ಕಲಕೋಟೆ ಹುಡುಗ

ನಮಸ್ಕಾರ್ರೀ ಅಕ್ಕಾರೇ. ನಾನು ಸೊಲ್ಲಾಪುರ ಜಿಲ್ಲೆಯವನು, ನಮ್ಮದೂ ಕನ್ನಡ ಶಾಲೆ. ನೀವು ನೆರಳಿಲ್ಲ ಅನ್ನುವ ದಿನ ನಮ್ಮ ಕಡೆ ನೆರಳು ಇರುತ್ತದೆ ರೀ, ನಮಗೆ ಅದು ಹೋಗುವುದು ಮೇ 10ರ ಸುಮಾರಿಗೆ. ಆದರೆ ಅದೇ ಒಳ್ಳೆಯದಾಯಿತು! ನಕಾಶೆ ನೋಡಿ, ಅಕ್ಕಲಕೋಟೆ ಹೆಚ್ಚುಕಡಿಮೆ ನಿಮ್ಮ ನೇರ ಉತ್ತರಕ್ಕೇ ಇದೆ. ರಸ್ತೆ ಲೆಕ್ಕ ಅಲ್ಲ, ದಕ್ಷಿಣದಿಂದ ಉತ್ತರಕ್ಕೆ ನೇರ ಅಳೆದರೆ ಸುಮಾರು 550 ಕಿಲೋಮೀಟರ್.

ಗ್ರೀಕ್ ವಿದ್ವಾಂಸ ಎರಾಟೋಸ್ಥನೀಸ್ ಮಾಡಿದ್ದು ಇದೇ ಅಲ್ಲೇನ್ರೀ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ, ಈಜಿಪ್ಟಿನ ಸಯೀನಿನಲ್ಲಿ ನೆರಳಿಲ್ಲದ ದಿನ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ ವೃತ್ತದ ಐವತ್ತರ ಒಂದು ಪಾಲು, ಅದರಿಂದ ಇಡೀ ಭೂಮಿಯ ಸುತ್ತಳತೆ ತೆಗೆದ. ನಿಮ್ಮ ದಿನ ನಮ್ಮ ಒಂದು ಮೀಟರ್ ಕೋಲಿಗೆ 8.7 ಸೆಂಟಿಮೀಟರ್ ನೆರಳು ಬೀಳಬೇಕು, ಅಂದರೆ 5 ಡಿಗ್ರಿ, ವೃತ್ತದ 72ರಲ್ಲಿ ಒಂದು ಪಾಲು. 550ನ್ನು 72ರಿಂದ ಗುಣಿಸಿದರೆ 39,600. ನಿಜವಾದದ್ದು 40,000ದ ಹತ್ತಿರ. ನೀವು ಅಲ್ಲಿ ನಿಲ್ಲಿಸಿ, ನಾವು ಇಲ್ಲಿ ನಿಲ್ಲಿಸುತ್ತೇವೆ. ನಮಗೆ ನಡು ಮಧ್ಯಾಹ್ನ 12:23ಕ್ಕೇ ಬರುತ್ತದೆ, ಐದು ನಿಮಿಷ ಮೊದಲು. ಏಪ್ರಿಲಿನಲ್ಲಿ ನಮ್ಮ ಕಡೆ ಬಿಸಿಲಿಗೆ ಬರಗಾಲ ಇಲ್ಲ ರೀ.

ನೀಲೇಶ್ವರದವ

ಇದು ಬಹಳ ಚೆನ್ನಾಗಿದೆ. ಆದರೆ ಹುಷಾರು, ಐದು ಡಿಗ್ರಿ ಅಂದರೆ ಸಣ್ಣ ಕೋನ. ಅಕ್ಕಲಕೋಟೆಯಲ್ಲಿ ನೆರಳು ಒಂದು ಸೆಂಟಿಮೀಟರ್ ತಪ್ಪಿದರೆ ಭೂಮಿಯ ಸುತ್ತಳತೆ ನಾಲ್ಕೈದು ಸಾವಿರ ಕಿಲೋಮೀಟರ್ ಆಚೀಚೆ ಆಗುತ್ತದೆ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಅದಕ್ಕೆ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು 9 ಮಿಲಿಮೀಟರ್ ಮಸುಕಾಗಿಯೇ ಇರುತ್ತದೆ. ಕೋಲಿನ ತುದಿಗೆ ಸೂಜಿಯಷ್ಟು ತೂತು ಮಾಡಿದ ರಟ್ಟು ಅಂಟಿಸಿ, ನೆಲದ ಮೇಲೆ ಸೂರ್ಯನ ಚಿತ್ರ ದುಂಡಗೆ ಬೀಳುತ್ತದೆ, ಅದರ ನಡು ಗುರುತು ಮಾಡಿ. ಅಳತೆ ಶುರು ಮಾಡುವುದು ತೂತಿನ ಕೆಳಗಿನಿಂದ, ಕೋಲಿನ ಬುಡದಿಂದ ಅಲ್ಲ. ಕೋಲು ನೆಟ್ಟಗಿದೆಯಾ ಅಂತ ನೂಲುಗುಂಡು ಇಳಿಸಿ ನೋಡಿ. ಬಂದ ಉತ್ತರ 36,000 ಆದರೂ 44,000 ಆದರೂ ಹಾಗೇ ಹಾಕಬೇಕು, ಪುಸ್ತಕದ 40,000ಕ್ಕೆ ತಂದು ಕೂರಿಸಬಾರದು. ಮಾತು ಶುರುವಾಗುವುದೇ ಅಲ್ಲಿ.

ಎಣ್ಮಕಜೆ ತೋಟದವ

ನನ್ನ ಅಡಿಕೆ ಅಂಗಳ ಸಿಮೆಂಟಿನದ್ದು, ಏಪ್ರಿಲಿನಲ್ಲಿ ಖಾಲಿ ಇರುತ್ತದೆ. ನೂಲುಗುಂಡು ನಮ್ಮ ಮೇಸ್ತ್ರಿಯ ಹತ್ತಿರ ಇದೆ. ಮಕ್ಕಳನ್ನು ಕರೆದುಕೊಂಡು ಬನ್ನಿ ಟೀಚರೇ, ಮಜ್ಜಿಗೆ ನಮ್ಮದು.

ಬದಿಯಡ್ಕ ಟೀಚರ್

ಬರುತ್ತೇವೆ ಅಣ್ಣ. ಏಪ್ರಿಲಿನಲ್ಲಿ ಶಾಲೆಗೆ ರಜೆ, ಹಾಗಾಗಿ ಮಕ್ಕಳ ಮನೆಯವರನ್ನೂ ಕರೆಯುತ್ತೇನೆ. ಅಕ್ಕಲಕೋಟೆಯ ತಮ್ಮಾ, ಆ ದಿನಕ್ಕೆ ಮೊದಲೇ ಒಮ್ಮೆ ಇಬ್ಬರೂ ಅಳೆದು ನೋಡುವ, ಮಾರ್ಚಿನಲ್ಲಿ ಯಾವ ದಿನವಾದರೂ ಆದೀತು, ಎರಡೂ ಕಡೆಯ ಕೋನ ಕಳೆದರೆ ಐದೇ ಬರಬೇಕಲ್ಲ. ನಿಮ್ಮಲ್ಲಿ ಕೋಲು ಎಷ್ಟು ಎತ್ತರದ್ದು ಸಿಗುತ್ತದೆ ಹೇಳಿ, ನಾನೂ ಅಷ್ಟೇ ಉದ್ದದ್ದು ಕಡಿಸುತ್ತೇನೆ. ಉಳಿದ ಗಡಿಯ ಕಡೆಯವರು, ಹೊಸೂರು, ಆದೋನಿ, ಜತ್ತ, ಯಾರಿದ್ದೀರಿ? ಊರಿನ ಹೆಸರು ಕೆಳಗೆ ಬರೆಯಿರಿ.

ಅಕ್ಕಲಕೋಟೆ ಹುಡುಗ

ಒಂದು ಮೀಟರಿಂದೇ ಇರಲಿ ಅಕ್ಕಾರೇ, ಲೆಕ್ಕ ಸುಲಭ. ಮಾರ್ಚಿನಲ್ಲಿ ಯಾವ ದಿನ ಅಂತ ನೀವೇ ಹೇಳಿಬಿಡಿ.