ಗಾಲ್‌ಬ್ಲಾಡರ್‌ನಲ್ಲಿ 4 ಎಂಎಂ ಪಾಲಿಪ್ ಅಂತೆ, ಬೆಳೀತಾ ಹೋಗುತ್ತಾ?

ತುಂಗಾತೀರ:
ಅಮ್ಮಂಗೆ ಹೊಟ್ಟೆನೋವು ಅಂತ ಸ್ಕ್ಯಾನಿಂಗ್ ಮಾಡಿಸಿದ್ವಿ, ಕಲ್ಲೇನೂ ಇಲ್ಲ ಆದ್ರೆ ಗಾಲ್‌ಬ್ಲಾಡರ್‌ನಲ್ಲಿ (ಪಿತ್ತಕೋಶದಲ್ಲಿ) 4 ಎಂಎಂ ಪಾಲಿಪ್, ಅಂದ್ರೆ ಒಳಗೋಡೆ ಮೇಲೆ ಸಣ್ಣ ಗಂಟಿನಂಥದ್ದು, ಇದೆ ಅಂತ ರಿಪೋರ್ಟಲ್ಲಿ ಬರ್ದಿದಾರೆ. ವಯಸ್ಸು 52. ನೆಟ್ಟಲ್ಲಿ ಹುಡುಕಿದ್ರೆ ಬರೀ ಕ್ಯಾನ್ಸರ್ ಅಂತಾನೇ ಬರುತ್ತೆ, ತುಂಬಾ ಭಯ ಆಗ್ತಿದೆ. ಇದು ಎಷ್ಟು ಜನಕ್ಕೆ ಇರುತ್ತೆ?

ಸ್ಕ್ಯಾನ್‌ರೂಮ್:
ಗಾಬರಿ ಆಗ್ಬೇಡಿ. ನೂರು ಜನಕ್ಕೆ ಸ್ಕ್ಯಾನ್ ಮಾಡಿದ್ರೆ ಸುಮಾರು ನಾಲ್ಕೈದು ಜನರಲ್ಲಿ ಸಿಗುತ್ತೆ, ಬಹುಪಾಲು ಕೊಲೆಸ್ಟ್ರಾಲ್ ಗೋಡೆಗೆ ಅಂಟ್ಕೊಂಡಿರೋದು, ಕ್ಯಾನ್ಸರ್ ಆಗೋ ಜಾತಿದಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದಿಂದ 6 ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದ ಸ್ಟಡಿ ಬಂತು, ಅದ್ರಲ್ಲಿ 6 ಎಂಎಂಗಿಂತ ಚಿಕ್ಕವು ಹತ್ತು ವರ್ಷದಲ್ಲಿ 2 ಎಂಎಂ ಅಥವಾ ಹೆಚ್ಚು ಬೆಳೆಯೋ ಸಾಧ್ಯತೆ 66%, ಆದ್ರೂ ಕ್ಯಾನ್ಸರ್ ಪ್ರಮಾಣ ಪಾಲಿಪ್ ಇರೋರಲ್ಲೂ ಇಲ್ದೋರಲ್ಲೂ ಹೆಚ್ಚುಕಮ್ಮಿ ಒಂದೇ, 0.05% ಹತ್ರ. ಅಂದ್ರೆ ನಿಧಾನಕ್ಕೆ ಸ್ವಲ್ಪ ಬೆಳೆಯೋದು ಅದ್ರ ಸಹಜ ಗುಣಾನೇ.

ಬಯಲುಸೀಮೆ:
ನಂಗೂ 5 ಎಂಎಂ ಇತ್ತು ಅಕ್ಕ, ಮುಂದಿನ ಸಲ ಸ್ಕ್ಯಾನ್ ಮಾಡಿದಾಗ ಕಾಣಿಸ್ಲೇ ಇಲ್ಲ. ಹಂಗಂತ ಫಾಲೋಅಪ್ ಬಿಡ್ಬೇಡಿ.

ಸ್ಕ್ಯಾನ್‌ರೂಮ್:
ಹೌದು, ಕೆಲವು ಮಾಯ ಆಗ್ತವೆ. 2022ರ ಯುರೋಪಿಯನ್ ಗೈಡ್‌ಲೈನ್‌ನಲ್ಲಿ ಏಷ್ಯಾದವರು ಅನ್ನೋದೂ ಒಂದು ರಿಸ್ಕ್ ಅಂತ ಲೆಕ್ಕಕ್ಕೆ ತಗೊಂಡಿದಾರೆ, 60 ದಾಟಿರೋದೂ ಅಷ್ಟೆ, ಹಾಗಾಗಿ ಚಿಕ್ಕದಾದ್ರೂ 6 ತಿಂಗಳು, 1 ವರ್ಷ, 2 ವರ್ಷಕ್ಕೆ ಮತ್ತೆ ನೋಡಿಸಿ. 10 ಎಂಎಂ ಮುಟ್ಟಿದ್ರೆ ಸಾಮಾನ್ಯವಾಗಿ ಪಿತ್ತಕೋಶ ತೆಗೆಸೋಕೆ ಹೇಳ್ತಾರೆ. ಆಮೇಲೆ ಇಷ್ಟು ಸಣ್ಣದ್ರಿಂದ ನೋವು ಬರೋದು ಅಪರೂಪ, ಅಮ್ಮನ ಹೊಟ್ಟೆನೋವಿಗೆ ಬೇರೆ ಕಾರಣ ಇದ್ಯಾ ಅಂತ ಡಾಕ್ಟರ್ ಹತ್ರ ಖಂಡಿತ ಕೇಳಿ.