ರಾಸ್ಪ್‌ಬೆರಿ ಪೈ ಸರ್ವರ್: ಪಾಸ್‌ವರ್ಡ್ ಸರಿಯಿದ್ದರೂ ಟಿವಿ-ಕೀಬೋರ್ಡ್‌ನಿಂದ ಲಾಗಿನ್ ಆಗುತ್ತಿಲ್ಲ

ಪ್ರಶ್ನೆ (ಬೆಟಗೇರಿ, ಗದಗ)
ನಮಸ್ಕಾರ. ಮನೆಯಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರನ್ನು ಸರ್ವರ್ ಮಾಡಿಕೊಂಡಿದ್ದೇನೆ. ಅಪ್ಪ ಧಾರವಾಡ ಆಕಾಶವಾಣಿಯಿಂದ ಕ್ಯಾಸೆಟ್‌ಗೆ ಹಿಡಿದಿಟ್ಟ ಸಂಗೀತವೆಲ್ಲ ಅದರ ಮೆಮೊರಿ ಕಾರ್ಡ್‌ನಲ್ಲಿದೆ, ಬೇರೆ ಪ್ರತಿ ಇಲ್ಲ. ಇದುವರೆಗೆ ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗುವ ವಿಧಾನ) ಮೂಲಕ ಒಳಹೋಗುತ್ತಿದ್ದೆ. ಈಗ ರೌಟರ್ ಬದಲಾಗಿದೆ. ಹಳೆಯದು 192.168.1 ಸಾಲಿನ ವಿಳಾಸ ಕೊಡುತ್ತಿತ್ತು, ಹೊಸದು 192.168.0 ಕೊಡುತ್ತಿದೆ. ಪೈಗೆ ಹಳೆಯ ಸಾಲಿನ ಶಾಶ್ವತ ವಿಳಾಸವಿರುವುದರಿಂದ ಅದು ಸಿಗುತ್ತಿಲ್ಲ. ಟಿವಿಗೆ ಜೋಡಿಸಿ ಕೀಬೋರ್ಡ್ ಹಾಕಿದರೆ ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೊಟ್ಟರೆ ‘ಲಾಗಿನ್ ಇನ್‌ಕರೆಕ್ಟ್’ ಎನ್ನುತ್ತದೆ. ಅಂಗಡಿಯವರು ಕಾರ್ಡ್ ಫಾರ್ಮ್ಯಾಟ್ ಮಾಡಿ ಎನ್ನುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ (ಹಾವೇರಿ)
ಕ್ಯಾಪ್ಸ್ ಲಾಕ್ ನೋಡಿದಿರಾ? ಪಾಸ್‌ವರ್ಡ್‌ನಲ್ಲಿ ಅಂಕಿಗಳಿದ್ದರೆ ಬಲಬದಿಯ ನಂಬರ್ ಪ್ಯಾಡ್ ಬಳಸಬೇಡಿ, ನಮ್ ಲಾಕ್ ಆರಿರಬಹುದು. ಹಳೆಯ ಬರಹಗಳಲ್ಲಿ ಕಾಣುವ ‘ಪೈ’ ಎಂಬ ಬಳಕೆದಾರ ಹೆಸರು 2022ರ ಏಪ್ರಿಲ್‌ನಿಂದ ತಾನಾಗಿ ಸೃಷ್ಟಿಯಾಗುವುದಿಲ್ಲ. ನೀವು ಇಟ್ಟ ಹೆಸರನ್ನೇ ಕೊಡಿ.

ಉತ್ತರ (ಸಪ್ತಾಪುರ, ಧಾರವಾಡ)
ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಅಪ್ಪ ಕೂಡಿಟ್ಟದ್ದು ಮತ್ತೆ ಸಿಗುವಂಥದ್ದಲ್ಲ. ಕಾರ್ಡ್ ಕೆಟ್ಟ ಲಕ್ಷಣವೂ ಇಲ್ಲಿ ಕಾಣುತ್ತಿಲ್ಲ: ಯಂತ್ರ ಪೂರ್ತಿ ಚಾಲೂ ಆಗಿ ಹೆಸರು ಕೇಳುತ್ತಿದೆ.

ನಿಮ್ಮ ಪಾಸ್‌ವರ್ಡ್‌ನಲ್ಲಿ @ ಅಥವಾ # ಇದೆಯೇ? ಇದ್ದರೆ ನನ್ನ ಅನುಮಾನ ಕೀಬೋರ್ಡ್ ವಿನ್ಯಾಸದ ಮೇಲೆ. ಪೈ ಹುಟ್ಟಿದ್ದು ಬ್ರಿಟನ್‌ನಲ್ಲಿ, ಅದರ ವ್ಯವಸ್ಥೆ ಮೂಲತಃ ಬ್ರಿಟಿಷ್ ವಿನ್ಯಾಸವನ್ನೇ ಹಿಡಿದಿರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವ ಕೀಬೋರ್ಡ್‌ಗಳು ಅಮೆರಿಕನ್ ವಿನ್ಯಾಸದವು. ಲ್ಯಾಪ್‌ಟಾಪ್‌ನಿಂದ ಬರುವಾಗ ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ಲ್ಯಾಪ್‌ಟಾಪೇ ತೀರ್ಮಾನಿಸಿ ಕಳಿಸುತ್ತಿತ್ತು. ಈಗ ಆ ಕೆಲಸ ಪೈನದು. ಶಿಫ್ಟ್ ಹಿಡಿದು 2 ಒತ್ತಿದರೆ ನೀವು @ ಎಂದುಕೊಳ್ಳುತ್ತೀರಿ, ಅದು " ಎಂದು ಓದುತ್ತದೆ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಚುಕ್ಕಿಯೂ ಮೂಡದ ಕಾರಣ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಪರೀಕ್ಷೆ ಸುಲಭ. ಹೆಸರು ಕೇಳುವ ಜಾಗದಲ್ಲಿ ಆ ಚಿಹ್ನೆಗಳನ್ನಷ್ಟೇ ಒತ್ತಿ, ಅಲ್ಲಿ ಅವು ಕಾಣುತ್ತವೆ. ಎಂಟರ್ ಒತ್ತದೆ ಬ್ಯಾಕ್‌ಸ್ಪೇಸ್‌ನಿಂದ ಅಳಿಸಿ. @ ಬದಲು " ಬಂದರೆ, ಅರ್ಧವಿರಾಮದ (;) ಕೀಲಿಯ ಬಲಕ್ಕಿರುವ ಕೀಲಿಯನ್ನು ಶಿಫ್ಟ್ ಜೊತೆ ಒತ್ತಿ, @ ಬರುತ್ತದೆ. # ಬೇಕಾದರೆ ಎಂಟರ್‌ನ ಮೇಲಿರುವ ಹಿಮ್ಮುಖ ಓರೆಗೆರೆಯ (\) ಕೀಲಿ, ಶಿಫ್ಟ್ ಇಲ್ಲದೆ.

ಚಿಹ್ನೆಗಳು ಸರಿಯಾಗಿಯೇ ಬರುತ್ತಿದ್ದರೆ ಟಿವಿಯನ್ನು ಬಿಟ್ಟುಬಿಡಿ. ಪೈನ ಲ್ಯಾನ್ ಕಿಂಡಿಗೇ ಆ ವಿಳಾಸ ಕೊಟ್ಟಿದ್ದರೆ, ಲ್ಯಾಪ್‌ಟಾಪ್‌ನಿಂದ ಅದಕ್ಕೆ ನೇರವಾಗಿ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ 192.168.1 ಸಾಲಿನ ಬೇರೊಂದು ವಿಳಾಸ ಕೊಡಿ. ಎಸ್‌ಎಸ್‌ಎಚ್ ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಇನ್ನೊಂದು ಮಾತು, ಇದನ್ನು ಓದುವ ಬೇರೆಯವರಿಗೆ. ‘ಇನ್‌ಕರೆಕ್ಟ್’ ಎನ್ನದೆ, ಒಳಗೆ ಬಿಟ್ಟಂತೆ ಮಾಡಿ ಮತ್ತೆ ಹೆಸರು ಕೇಳಿದರೆ ಪಾಸ್‌ವರ್ಡ್‌ನ ತಪ್ಪು ಹುಡುಕಬೇಡಿ. ಬಳಕೆದಾರನ ಶೆಲ್ (ಲಾಗಿನ್ ಆದ ಮೇಲೆ ಆದೇಶಗಳನ್ನು ಸ್ವೀಕರಿಸುವ ಪ್ರೋಗ್ರಾಂ) ಆರಂಭವಾಗುತ್ತಿಲ್ಲವೇ ನೋಡಿ.

ಪ್ರಶ್ನೆ ಕೇಳಿದವರು
ಸರ್, @ ಒತ್ತಿದರೆ " ಬಂತು! ನೀವು ಹೇಳಿದ ಕೀಲಿಯಿಂದ ಒಳಗೆ ಹೋದೆ. ಹಾಡುಗಳೆಲ್ಲ ಹಾಗೇ ಇವೆ. ಅಪ್ಪನಿಗೆ ಹೇಳಿದೆ, ನನಗಿಂತ ಅವರಿಗೇ ಹೆಚ್ಚು ಸಮಾಧಾನವಾಯಿತು. ಮುಂದೇನು ಮಾಡಲಿ?

ಉತ್ತರ (ಸಪ್ತಾಪುರ, ಧಾರವಾಡ)
ಬಹಳ ಸಂತೋಷ. ರಾಸ್ಪಿ-ಕಾನ್ಫಿಗ್ ಎಂಬ ಪೈನ ಸೆಟ್ಟಿಂಗ್ ಪ್ರೋಗ್ರಾಂ ತೆರೆದು ಲೋಕಲೈಸೇಶನ್‌ನಲ್ಲಿ ಕೀಬೋರ್ಡನ್ನು ಇಂಗ್ಲಿಷ್ (ಯುಎಸ್) ಮಾಡಿ ರೀಬೂಟ್ ಕೊಡಿ. ಪಾಸ್‌ವರ್ಡ್ ಬದಲಿಸಬೇಕಾಗಿಲ್ಲ. ಪೈನಲ್ಲಿರುವ ಶಾಶ್ವತ ವಿಳಾಸವನ್ನು ತೆಗೆದು ‘ಆಟೊಮ್ಯಾಟಿಕ್’ ಮಾಡಿ, ಹೊಸ 192.168.0 ಸಾಲಿನ ಒಂದು ವಿಳಾಸವನ್ನು ರೌಟರ್‌ನಲ್ಲೇ ಪೈನ ಮ್ಯಾಕ್ ಸಂಖ್ಯೆಗೆ (ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ) ಕಾಯ್ದಿರಿಸಿ. ಮುಂದೆ ರೌಟರ್ ಬದಲಾದರೂ ಪೈ ತಾನೇ ಹೊಸ ವಿಳಾಸ ಪಡೆಯುತ್ತದೆ. ಆದರೆ ಇದೆಲ್ಲಕ್ಕೂ ಮೊದಲು, ಇಂದೇ, ಒಂದು ಯುಎಸ್‌ಬಿ ಡಿಸ್ಕ್‌ಗೆ ಹಾಡುಗಳನ್ನು ನಕಲು ಮಾಡಿಕೊಳ್ಳಿ.